ಟಂಡ್ರಾದಲ್ಲಿ ಸಹೋದ್ಯೋಗಿಗಳ ಜೊತೆ ನಡಿಗೆ: ಪಶ್ಚಿಮ ಅಲಾಸ್ಕಾದ ಹಳ್ಳಿ ಶಿಕ್ಷಕರಿಗೆ ಸಮಗ್ರ ಮಾರ್ಗದರ್ಶಿ

ಅಲಾಸ್ಕಾದ ಯೂಕಾನ್–ಕಸ್ಕೊಕ್ವಿಮ್ ಡೆಲ್ಟಾದ ಹಳ್ಳಿಗಳಿಗೆ ಹೊರಗಿನಿಂದ ರಸ್ತೆಯಿಲ್ಲ. ಆಂಕರೇಜ್‌ನಿಂದ ಸುಮಾರು 640 ಕಿ.ಮೀ. ಪಶ್ಚಿಮಕ್ಕಿರುವ ಬೆತೆಲ್‌ವರೆಗೆ ಜೆಟ್ ವಿಮಾನ. ಅಲ್ಲಿಂದ ಮುಂದೆ ನಿಮ್ಮ ಮೈತೂಕವನ್ನೂ ಕೇಳಿ ಬರೆದುಕೊಂಡು ಹತ್ತಿಸಿಕೊಳ್ಳುವ ಪುಟ್ಟ ವಿಮಾನ. ಇಳಿದರೆ ಒಂದು ಶಾಲೆ, ಒಂದು ಅಂಗಡಿ, ಒಂದು ಚರ್ಚು, ಒಂದು ಕ್ಲಿನಿಕ್, ಅವನ್ನೆಲ್ಲ ಜೋಡಿಸುವ ಹಲಗೆ ದಾರಿ. ಹಲಗೆ ಮುಗಿದಲ್ಲಿಂದ ಟಂಡ್ರಾ, ಅಂದರೆ ಮರಗಳಿಲ್ಲದ ಶೀತಬಯಲು. 1976ರಲ್ಲಿ ಮಾಲಿ ಹೂಚ್ ಮೊಕದ್ದಮೆ ಎಂದೇ ಹೆಸರಾದ ದಾವೆ ರಾಜಿಯಲ್ಲಿ ಮುಗಿದು, 126 ಹಳ್ಳಿಗಳಲ್ಲಿ ಹೈಸ್ಕೂಲು ಕೊಡಲು ಅಲಾಸ್ಕಾ ಸರ್ಕಾರ ಒಪ್ಪಿಕೊಂಡಿತು. ನೂರಿನ್ನೂರು ಮನೆಯೂ ಇಲ್ಲದ ಊರುಗಳಲ್ಲಿ ಹೊರಗಿನ ಶಿಕ್ಷಕರು ಕಾಣಸಿಗುವುದಕ್ಕೆ ಅದೂ ಒಂದು ಕಾರಣ.

ಅಮೆರಿಕದ ಬೇರೆ ರಾಜ್ಯಗಳವರು, ಜೆ-1 ವಿನಿಮಯ ವೀಸಾದಲ್ಲಿ ಬಂದ ಫಿಲಿಪ್ಪೀನ್ಸ್‌ನವರು, ಊರಿನವರೇ ಆದ ಯೂಪಿಕ್ (ಇಲ್ಲಿನ ಮೂಲನಿವಾಸಿ) ಶಿಕ್ಷಕರು, ಎಲ್ಲರೂ ಒಂದೇ ಸ್ಟಾಫ್‌ರೂಮಿನಲ್ಲಿ ಕೂರುತ್ತಾರೆ. ಆ ವೀಸಾ ಭಾರತೀಯರಿಗೂ ಸಿಗುತ್ತದೆ. ಹಾಗಾಗಿ ಕನ್ನಡದಲ್ಲೂ ಇದನ್ನು ಬರೆದಿಟ್ಟರೆ ಯಾರಿಗಾದರೂ ಉಪಯೋಗವಾದೀತು. ಮೊದಲ ವಾರಾಂತ್ಯಕ್ಕೇ ಯಾರೋ ಒಬ್ಬರು ಕಿಟಕಿಯಾಚೆ ಕೈ ತೋರಿಸಿ, "ಅಗೋ, ಆ ದಿಬ್ಬದವರೆಗೆ ಹೋಗಿ ಬರೋಣ್ವಾ? ಒಂದು ಗಂಟೆ ದಾರಿ ಅಷ್ಟೆ" ಎಂದು ಕೇಳುತ್ತಾರೆ. ಅದು ಒಂದು ಗಂಟೆ ದಾರಿ ಆಗಿರುವುದಿಲ್ಲ.

ಹೆಜ್ಜೆ 1: ದೂರ ಮರೆತು ಗಂಟೆ ಲೆಕ್ಕ ಹಾಕಿ

ಟಂಡ್ರಾ ನೋಡಲು ಚಪ್ಪಟೆ ಹುಲ್ಲುಗಾವಲು. ಅಡಿಯಲ್ಲಿರುವುದು ಪರ್ಮಾಫ್ರಾಸ್ಟ್, ಅಂದರೆ ವರ್ಷಗಟ್ಟಲೆ ಕರಗದ ಹೆಪ್ಪುನೆಲ. ಬೇಸಿಗೆಯಲ್ಲಿ ಅದರ ಮೇಲ್ಪದರ ಮಾತ್ರ, ಎಲ್ಲೋ ಒಂದಡಿ, ಎಲ್ಲೋ ಮೂರಡಿ, ಕರಗುತ್ತದೆ. ಕರಗಿದ ನೀರು ಕೆಳಗಿಳಿಯಲು ಜಾಗವಿಲ್ಲದೆ ಮೇಲೆಯೇ ನಿಲ್ಲುತ್ತದೆ. ಈ ಡೆಲ್ಟಾದಲ್ಲಿ ಲೆಕ್ಕವಿಲ್ಲದಷ್ಟು ಕೆರೆ, ಹೊಂಡ, ಸುತ್ತಿಬಳಸುವ ಕವಲುಗಳಿರುವುದಕ್ಕೆ ಇದು ದೊಡ್ಡ ಕಾರಣ. ನಡುನಡುವೆ ಟಸಕ್ ಎನ್ನುವ ಹುಲ್ಲುಗುಪ್ಪೆಗಳು. ಹತ್ತಿಹುಲ್ಲು ವರ್ಷಗಳ ಕಾಲ ಒಂದೇ ಬುಡದಲ್ಲಿ ಬೆಳೆದು ಮೊಣಕಾಲೆತ್ತರದ ಗುಪ್ಪೆಯಾಗಿರುತ್ತದೆ. ಮೇಲೆ ಕಾಲಿಟ್ಟರೆ ಅದು ಪಕ್ಕಕ್ಕೆ ವಾಲುತ್ತದೆ, ನಡುವೆ ಕಾಲಿಟ್ಟರೆ ನೀರು. ಕೆಸರುಗದ್ದೆಯಲ್ಲಿ ನಾಟಿ ಮಾಡಿದವರಿಗೆ ಪ್ರತಿ ಹೆಜ್ಜೆಗೂ ಕಾಲು ಕಿತ್ತು ಇಡುವ ದಣಿವು ಗೊತ್ತಿರುತ್ತದೆ. ಇಲ್ಲೂ ಅದೇ ದಣಿವು, ಜೊತೆಗೆ ಪಾದ ಉಳುಕುವ ಭಯ.

ಗಟ್ಟಿ ನೆಲದಲ್ಲಿ ಗಂಟೆಗೆ ನಾಲ್ಕೈದು ಕಿ.ಮೀ. ನಡೆಯುವವರು ಇಲ್ಲಿ ಒಂದೂವರೆ ಕಿ.ಮೀ. ನಡೆದರೆ ಸಾಕು ಎಂದುಕೊಳ್ಳಬೇಕು. ಬೆಳಿಗ್ಗೆ ಹತ್ತಕ್ಕೆ ಹೊರಟು ಸಂಜೆ ಐದಕ್ಕೆ ಮನೆ ಸೇರಬೇಕೆಂದರೆ ಕೈಯಲ್ಲಿರುವುದು ಏಳು ಗಂಟೆ. ಊಟ, ಹಣ್ಣು ಕೀಳುವುದು, ಫೋಟೊ ಎಲ್ಲ ಸೇರಿ ಒಂದು ಗಂಟೆ ಕಳೆಯಿರಿ. ಉಳಿದ ಆರರಲ್ಲಿ ಹೋಗುವುದಕ್ಕೆ ಎರಡೂವರೆ, ಬರುವುದಕ್ಕೆ ಮೂರೂವರೆ, ಏಕೆಂದರೆ ವಾಪಸು ಬರುವಾಗ ಕಾಲು ಸೋತಿರುತ್ತದೆ. ಅಂದರೆ ಎರಡೂವರೆ ಗಂಟೆಯ ನಡಿಗೆ ಮುಗಿದ ಕೂಡಲೇ, ದಿಬ್ಬ ಸಿಗಲಿ ಬಿಡಲಿ, ಹಿಂದಿರುಗಬೇಕು. ಈ ಗಡುವನ್ನು ಹೊರಡುವ ಮೊದಲೇ ಎಲ್ಲರ ಎದುರು ಹೇಳಿ ಒಪ್ಪಿಸಿ. "ಇಷ್ಟು ಬಂದಿದ್ದೇವೆ, ಇನ್ನು ಹತ್ತೇ ನಿಮಿಷ" ಎನ್ನುವವರು ಪ್ರತಿ ತಂಡದಲ್ಲೂ ಒಬ್ಬರಿರುತ್ತಾರೆ, ಹೆಚ್ಚಾಗಿ ಪಿ.ಇ. ಮೇಷ್ಟ್ರು.

ಹೆಜ್ಜೆ 2: ಯಾವಾಗ?

ಶಾಲೆ ಶುರುವಾಗುವುದು ಆಗಸ್ಟ್ ನಡುವಿಗೆ, ಮುಗಿಯುವುದು ಮೇ ತಿಂಗಳಲ್ಲಿ. ಜೂನ್–ಜುಲೈಯಲ್ಲಿ ಹಗಲು ಹತ್ತೊಂಬತ್ತು ಗಂಟೆಯಷ್ಟಿದ್ದರೂ ಆಗ ಹೆಚ್ಚಿನ ಶಿಕ್ಷಕರು ಊರಲ್ಲಿರುವುದಿಲ್ಲ. ಇದ್ದವರನ್ನು ಸೊಳ್ಳೆ ಬಿಡುವುದಿಲ್ಲ. ನಮ್ಮ ಪಾಲಿಗೆ ಒಳ್ಳೆಯ ಕಾಲ ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ಕೊನೆಯವರೆಗೆ. ಸೊಳ್ಳೆ ಇಳಿದಿರುತ್ತದೆ, ಹಣ್ಣು ಬಲಿತಿರುತ್ತದೆ, ನೆಲ ಕೆಂಪಗಾಗುತ್ತಿರುತ್ತದೆ. ಸಣ್ಣ ನೊರಜು ಆಗಲೂ ಇರುತ್ತದೆ, ತಲೆಗೆ ಹಾಕುವ ಸೊಳ್ಳೆಬಲೆಯನ್ನು ಮನೆಯಲ್ಲಿ ಬಿಡಬೇಡಿ.

ಗಡಿಯಾರದ ವಿಷಯ ಹೊಸಬರನ್ನು ಗಲಿಬಿಲಿಗೊಳಿಸುತ್ತದೆ. ಬೆತೆಲ್ ಅಲಾಸ್ಕಾದ ಸಮಯವಲಯದಲ್ಲಿ ತೀರಾ ಪಶ್ಚಿಮಕ್ಕಿದೆ. ಹಾಗಾಗಿ ಸೂರ್ಯ ನೆತ್ತಿಯ ಗೆರೆಗೆ ಬರುವುದು ಹನ್ನೆರಡಕ್ಕಲ್ಲ, ಬೇಸಿಗೆ ಸಮಯದಲ್ಲಿ ಮಧ್ಯಾಹ್ನ ಎರಡೂ ಮುಕ್ಕಾಲರ ಸುಮಾರಿಗೆ. ಸೆಪ್ಟೆಂಬರ್ 22ರ ಸುಮಾರಿಗೆ ಬೆಳಗಾಗುವುದೇ ಎಂಟೂವರೆಗೆ, ಮುಳುಗುವುದು ರಾತ್ರಿ ಎಂಟೂ ಮುಕ್ಕಾಲಿಗೆ. ಊರಲ್ಲಿ ಕಲಿತಂತೆ "ಮಧ್ಯಾಹ್ನದ ಸೂರ್ಯ ದಕ್ಷಿಣ" ಎಂದುಕೊಂಡು ಹನ್ನೆರಡಕ್ಕೆ ದಿಕ್ಕು ಹಿಡಿದರೆ ನಲವತ್ತು ಡಿಗ್ರಿಯಷ್ಟು ತಪ್ಪುತ್ತದೆ. ಮರ, ಕಂಬ ಯಾವುದೂ ಇಲ್ಲದ ಬಯಲಲ್ಲಿ ಈ ತಪ್ಪು ಸಣ್ಣದಲ್ಲ.

ಅಕ್ಟೋಬರ್ ಬಂದರೆ ಬಿಟ್ಟುಬಿಡಿ. ನೀರಿನ ಮೇಲೆ ತೆಳು ಮಂಜುಗಡ್ಡೆ ಕಟ್ಟುತ್ತದೆ, ಕಾಲಿಟ್ಟರೆ ಒಡೆಯುತ್ತದೆ. ಚಳಿಗಾಲ ಗಟ್ಟಿಯಾದ ಮೇಲೆ ಟಂಡ್ರಾ ನಡೆಯಲು ನಿಜಕ್ಕೂ ಸಲೀಸು, ಗುಪ್ಪೆ ಹೊಂಡ ಎಲ್ಲ ಹಿಮದಡಿ ಮುಚ್ಚಿರುತ್ತವೆ. ಆದರೆ ಮೈನಸ್ 18 ಡಿಗ್ರಿಯಲ್ಲಿ ಗಂಟೆಗೆ 50 ಕಿ.ಮೀ. ಗಾಳಿ ಬೀಸಿದರೆ ಬರಿ ಚರ್ಮಕ್ಕೆ ಅದು ಮೈನಸ್ 33ರಂತೆ ತಾಗುತ್ತದೆ. ಗಾಳಿಗೆ ಹಿಮ ಎದ್ದರೆ ನಿಮ್ಮ ಕೈಯೇ ನಿಮಗೆ ಕಾಣುವುದಿಲ್ಲ. ಚಳಿಗಾಲದ ನಡಿಗೆ ಬೇರೆಯೇ ವಿದ್ಯೆ. ಈ ಬರಹ ಅದರ ಗೋಜಿಗೆ ಹೋಗುವುದಿಲ್ಲ.

ಹೆಜ್ಜೆ 3: ಊರಿನವರನ್ನು ಕೇಳಿ, ಸರಿಯಾದ ಕ್ರಮದಲ್ಲಿ

ಈ ನೆಲ ಯಾರಿಗೂ ಸೇರದ ಕಾಡುಭೂಮಿಯಲ್ಲ. 1971ರ ಅಲಾಸ್ಕಾ ಮೂಲನಿವಾಸಿಗಳ ಭೂಹಕ್ಕು ಕಾಯ್ದೆಯ ಪ್ರಕಾರ ಹಳ್ಳಿಯ ಸುತ್ತಲ ಜಾಗದ ಒಡೆತನ ಹೆಚ್ಚಾಗಿ ಆ ಹಳ್ಳಿಯ ಕಾರ್ಪೊರೇಶನ್‌ನದು, ಅಂದರೆ ಊರಿನ ಮೂಲನಿವಾಸಿಗಳೇ ಷೇರುದಾರರಾದ ಕಂಪನಿಯದು. ನಡುವೆ ಕುಟುಂಬಗಳ ಸ್ವಂತ ಭೂಮಿ, ಆಚೆಗೆ ಯೂಕಾನ್ ಡೆಲ್ಟಾ ರಾಷ್ಟ್ರೀಯ ವನ್ಯಜೀವಿ ಧಾಮ. ಹೊರಗಿನವರಾದ ನಾವು ಮೊದಲು ಕಾರ್ಪೊರೇಶನ್ ಕಚೇರಿಯಲ್ಲೋ ಬುಡಕಟ್ಟು ಮಂಡಳಿಯಲ್ಲೋ ಒಂದು ಮಾತು ಕೇಳಬೇಕು. ಐದು ನಿಮಿಷದ ಕೆಲಸ. ಕೇಳದೆ ಹೋದವರನ್ನು ಊರು ವರ್ಷವಿಡೀ ನೆನಪಿಟ್ಟುಕೊಳ್ಳುತ್ತದೆ.

ದಾರಿ ಕೇಳಬೇಕಾದದ್ದು ಪ್ರಿನ್ಸಿಪಾಲರನ್ನಲ್ಲ, ಅವರೂ ಹೋದ ವರ್ಷ ಬಂದವರೇ ಇರಬಹುದು. ಶಾಲೆಯ ಬಾಯ್ಲರ್ ನೋಡಿಕೊಳ್ಳುವವರು, ಅಡುಗೆಮನೆಯ ಹೆಂಗಸರು, ತರಗತಿಯಲ್ಲಿ ನಿಮಗೆ ಸಹಾಯಕರಾಗಿರುವ ಊರಿನವರು, ಇವರಿಗೆ ಗೊತ್ತಿರುತ್ತದೆ. ಕೇಳುವ ರೀತಿಯೂ ಮುಖ್ಯ. "ನಾವು ಆ ಕಡೆ ಹೋಗ್ತೀವಿ, ಸರಿ ತಾನೆ?" ಎಂದರೆ ಮರ್ಯಾದೆಗೆ ಸುಮ್ಮನಿದ್ದುಬಿಡುತ್ತಾರೆ. "ನೀವಾದರೆ ಈ ವಾರ ಯಾವ ಕಡೆ ಹೋಗ್ತೀರಿ? ನೀರು ಎಲ್ಲಿ ಎತ್ತರ ಇದೆ?" ಎಂದು ಕೇಳಿ, ಆಮೇಲೆ ಬಾಯಿ ಮುಚ್ಚಿ ಕಾಯಿರಿ. ಉತ್ತರ ನಿಧಾನವಾಗಿ ಬರುತ್ತದೆ. ನಡುವಿನ ಮೌನವನ್ನು ನೀವು ಮಾತಿನಿಂದ ತುಂಬಿದರೆ ಬರಬೇಕಿದ್ದ ಉತ್ತರ ಬರುವುದಿಲ್ಲ. ಹುಬ್ಬು ಮೇಲೇರಿಸಿದರೆ ಹೌದು ಎಂದರ್ಥ, ಮೂಗು ಸುಕ್ಕಾದರೆ ಇಲ್ಲ. ಮೊದಲ ತಿಂಗಳು ನಿಮ್ಮ ವಿದ್ಯಾರ್ಥಿಗಳು ಹೀಗೆ ಉತ್ತರ ಕೊಟ್ಟಾಗಲೆಲ್ಲ "ಯಾಕೆ ಮಾತಾಡ್ತಿಲ್ಲ?" ಎಂದು ಕೇಳಿರುತ್ತೀರಿ, ಅವರು ಅಷ್ಟೂ ಹೊತ್ತು ಉತ್ತರ ಕೊಡುತ್ತಲೇ ಇದ್ದರು.

ಮೂರು ವಿಷಯ ತಪ್ಪದೆ ಕೇಳಿ: ಹಳೆಯ ಸಮಾಧಿಗಳು, ಬಿಟ್ಟುಹೋದ ಊರಿನ ಜಾಗಗಳು ಎಲ್ಲಿವೆ (ದೂರವಿರಿ, ಮೂಳೆ, ದಂತ, ಕಲ್ಲು ಏನು ಕಂಡರೂ ಮುಟ್ಟಬೇಡಿ), ಯಾವ ದಿಬ್ಬ ಯಾವ ಮನೆಯವರು ಹಣ್ಣು ಕೀಳುವ ಜಾಗ, ಯಾರು ಎಲ್ಲಿ ಬೇಟೆಗೆ ಹೋಗಿದ್ದಾರೆ. ಸೆಪ್ಟೆಂಬರ್ ಮೂಸ್ (ದೈತ್ಯ ಜಿಂಕೆ) ಬೇಟೆಯ ಕಾಲ. ತಂಡದ ಪ್ರತಿಯೊಬ್ಬರ ಮೈಮೇಲೂ ಒಂದು ಕಿತ್ತಳೆ ಬಣ್ಣದ ಬಟ್ಟೆ ಇರಲಿ.

ಕರಾವಳಿಯ ಹಳ್ಳಿಯಾದರೆ ಉಬ್ಬರದ ಹೊತ್ತನ್ನೂ ಕೇಳಿ. ಬೆಳಿಗ್ಗೆ ದಾಟಿದ ಕಿರುಗಾಲುವೆ ಮಧ್ಯಾಹ್ನ ಎದೆಮಟ್ಟ ತುಂಬಬಹುದು. ನೆಲ ಎಷ್ಟು ಸಮತಟ್ಟೆಂದರೆ, ಬೇರಿಂಗ್ ಸಮುದ್ರದ ಬಿರುಗಾಳಿ ನೀರನ್ನು ಮೈಲಿಗಟ್ಟಲೆ ಒಳಕ್ಕೆ ತಳ್ಳುತ್ತದೆ. 2022ರ ಸೆಪ್ಟೆಂಬರ್‌ನಲ್ಲಿ ಮರ್ಬಾಕ್ ಚಂಡಮಾರುತದ ಉಳಿಕೆ ಈ ಕರಾವಳಿಯನ್ನು ಜಜ್ಜಿತು. 2025ರ ಅಕ್ಟೋಬರ್‌ನಲ್ಲಿ ಹಾಲಾಂಗ್ ಚಂಡಮಾರುತದ ಉಳಿಕೆ ಬಂದಾಗ ಕಿಪ್ನಕ್ ಮತ್ತು ಕ್ವಿಗಿಲಿಂಗಾಕ್ ಹಳ್ಳಿಗಳ ಜನರನ್ನು ವಿಮಾನದಲ್ಲಿ ಸ್ಥಳಾಂತರಿಸಬೇಕಾಯಿತು. ನಡಿಗೆಗೆ ಒಳ್ಳೆಯದೆಂದು ನಾನು ಹೇಳುತ್ತಿರುವ ತಿಂಗಳುಗಳೇ ಬಿರುಗಾಳಿಯ ತಿಂಗಳುಗಳೂ ಹೌದು. ಎರಡು ದಿನದ ಮುನ್ಸೂಚನೆ ನೋಡದೆ ಹೊರಡಬೇಡಿ.

ಹೆಜ್ಜೆ 4: ತಂಡ ಕಟ್ಟುವುದು

ನಾಲ್ವರಿಂದ ಆರು ಜನ ಸರಿ. ಇಬ್ಬರೇ ಹೋಗಿ ಒಬ್ಬರ ಕಾಲು ಉಳುಕಿದರೆ, ಇನ್ನೊಬ್ಬರು ಅವರ ಬಳಿ ಉಳಿಯುವುದೋ ಸಹಾಯಕ್ಕೆ ಓಡುವುದೋ ಎಂಬ ಇಕ್ಕಟ್ಟು. ನಡೆಯುವ ವೇಗ ಎಲ್ಲರಿಗಿಂತ ನಿಧಾನವಾಗಿರುವವರದ್ದು, ಅವರು ಮುಂದಿನಿಂದ ಎರಡನೆಯವರಾಗಿರಲಿ. ಹಿಂದೆ ಹಾಕಿದರೆ ಮುಂದಿನವರು ನಿಂತು ವಿಶ್ರಮಿಸಿ, ಇವರು ತಲುಪುವಷ್ಟರಲ್ಲಿ ಮತ್ತೆ ಹೊರಟುಬಿಡುತ್ತಾರೆ, ಇವರಿಗೆ ವಿಶ್ರಾಂತಿಯೇ ಇಲ್ಲ.

ಯಾರಾದರೂ ಒಬ್ಬರು "ವಾಪಸು ಹೋಗೋಣ" ಎಂದರೆ ಎಲ್ಲರೂ ವಾಪಸು, ಕಾರಣ ಕೇಳುವಂತಿಲ್ಲ. ಸೋಮವಾರ ಅದೇ ಸ್ಟಾಫ್‌ರೂಮಿನಲ್ಲಿ ಮುಖ ನೋಡಬೇಕಾದವರು ನಾವು. ತಾನು ಸುಸ್ತಾಗಿದ್ದೇನೆ ಎಂದು ಹೇಳಲು ಸಂಕೋಚಪಡುವ ಹೊಸ ಶಿಕ್ಷಕಿಗೆ ಈ ನಿಯಮ ತುಂಬ ನೆರವಾಗುತ್ತದೆ.

ಮಕ್ಕಳ ಮಾತು ಪ್ರತ್ಯೇಕ. ಶಿಕ್ಷಕರ ಗುಂಪು ಹಲಗೆ ದಾರಿ ಇಳಿಯುವುದು ಕಂಡರೆ ಸಾಕು, ಮೂರ್ನಾಲ್ಕು ಮಕ್ಕಳು, ಎರಡು ನಾಯಿ ಬೆನ್ನು ಹತ್ತುತ್ತವೆ. ಟಂಡ್ರಾ ಅವರಿಗೆ ನಮಗಿಂತ ಚೆನ್ನಾಗಿ ಗೊತ್ತಿದ್ದರೂ ಮನೆಯವರ ಒಪ್ಪಿಗೆ ಇಲ್ಲದೆ ಕರೆದೊಯ್ಯಬೇಡಿ. ಒಪ್ಪಿಗೆ ಸಿಕ್ಕರೆ ಅವರನ್ನೇ ಮುಂದೆ ಬಿಡಿ. ನಾಯಿಗಳನ್ನು ತಡೆಯುವುದು ಆಗದ ಮಾತು.

ಹೆಜ್ಜೆ 5: ಮೈಮೇಲೆ ಏನು, ಬೆನ್ನಮೇಲೆ ಏನು

ಮೊದಲು ಕಾಲು. ಊರಿನವರ ಕಾಲು ನೋಡಿ: ಮೊಣಕಾಲಿನವರೆಗಿನ ರಬ್ಬರ್ ಗಮ್‌ಬೂಟು. ದುಬಾರಿ ಟ್ರೆಕ್ಕಿಂಗ್ ಶೂ ಎಷ್ಟೇ "ವಾಟರ್‌ಪ್ರೂಫ್" ಆದರೂ ನೀರು ಮೇಲಿನಿಂದ ಒಳಗಿಳಿದ ಮೇಲೆ ಏನೂ ಮಾಡುವಂತಿಲ್ಲ. ಎಕ್ಸ್‌ಟ್ರಾಟಫ್ ಎಂಬ ಕಂದು ಬೂಟು ಅಲಾಸ್ಕಾದಲ್ಲಿ ಮನೆಮಾತು. ಒಳಗೆ ದಪ್ಪ ಉಣ್ಣೆ ಕಾಲುಚೀಲ, ಚೀಲದಲ್ಲಿ ಇನ್ನೊಂದು ಜೊತೆ. ಬೂಟು ಸಡಿಲವಿದ್ದರೆ ಕೆಸರು ಅದನ್ನು ಕಾಲಿನಿಂದ ಎಳೆದುಕೊಳ್ಳುತ್ತದೆ, ಆದ್ದರಿಂದ ಅಳತೆ ನೋಡಿ ಕೊಳ್ಳಿ.

ಹತ್ತಿ ಬಟ್ಟೆ ಬೇಡ. ಜೀನ್ಸ್ ಅಂತೂ ಬೇಡವೇ ಬೇಡ. ನೆಂದ ಹತ್ತಿ ಮೈಯ ಶಾಖ ಹೀರುತ್ತದೆ. ಒಳಗೆ ಉಣ್ಣೆ ಅಥವಾ ಸಿಂಥೆಟಿಕ್, ನಡುವೆ ಫ್ಲೀಸ್, ಹೊರಗೆ ಗಾಳಿ-ಮಳೆ ತಡೆಯುವ ಜಾಕೆಟ್ ಮತ್ತು ಪ್ಯಾಂಟು. ಹೊರಡುವಾಗ ಸ್ವಲ್ಪ ಚಳಿ ಎನಿಸಬೇಕು. ಬೆಚ್ಚಗೆ ಹೊರಟವರು ಹತ್ತು ನಿಮಿಷದಲ್ಲಿ ಬೆವರುತ್ತಾರೆ, ಆ ಬೆವರೇ ನಿಂತಾಗ ತಣ್ಣಗಾಗುತ್ತದೆ.

ಚೀಲದಲ್ಲಿ: ಟೊಪ್ಪಿ, ಎರಡು ಜೊತೆ ಕೈಗವಸು, ಹೆಡ್‌ಲ್ಯಾಂಪ್, ಬೆಂಕಿಪೊಟ್ಟಣ, ಗಾಳಿ ತಡೆಯುವ ಹಗುರ ಟಾರ್ಪಾಲು, ಉಳುಕಿಗೆ ಸುತ್ತುವ ಪಟ್ಟಿ, ದಿಕ್ಸೂಚಿ, ನಕ್ಷೆ ಇಳಿಸಿಕೊಂಡ ಜಿ.ಪಿ.ಎಸ್. ಊರು ದಾಟಿದ ಮೇಲೆ ಮೊಬೈಲ್ ನೆಚ್ಚಿಕೊಳ್ಳಬೇಡಿ. ತಂಡಕ್ಕೊಂದು ಉಪಗ್ರಹ ಸಂದೇಶ ಸಾಧನ ಇರಲೇಬೇಕು, ಇನ್‌ರೀಚ್ ತರಹದ್ದು. ಶಾಲೆಯಲ್ಲಿ ಇದ್ದರೆ ಕೇಳಿ ಪಡೆಯಿರಿ. ಗ್ಯಾಸ್ ಸ್ಟೌ ಡಬ್ಬಿ, ಕರಡಿ ಸ್ಪ್ರೇ ಎರಡನ್ನೂ ಪ್ರಯಾಣಿಕರ ಸಾಮಾನಿನಲ್ಲಿ ವಿಮಾನದಲ್ಲಿ ತರುವಂತಿಲ್ಲ. ಸ್ಟೌ ಬದಲು ಫ್ಲಾಸ್ಕಿನ ತುಂಬ ಬಿಸಿ ಚಹಾ ಸಾಕು, ಅದೇ ವಾಸಿ ಕೂಡ.

ಊಟದ ವಿಷಯದಲ್ಲಿ ನಮ್ಮವರು ಗೆದ್ದ ಹಾಗೆಯೇ. ಚಪಾತಿಗೆ ತುಪ್ಪ ಸವರಿ ಚಟ್ನಿಪುಡಿ ಹಾಕಿ ಸುರುಳಿ ಸುತ್ತಿದರೆ ಕೈಗವಸು ತೆಗೆಯದೆ ತಿನ್ನಬಹುದು. ಶೇಂಗಾ ಚಿಕ್ಕಿ ತಂಡದಲ್ಲಿ ಎಲ್ಲಕ್ಕಿಂತ ಮೊದಲು ಖಾಲಿಯಾಗುವ ತಿಂಡಿ. ನೀರು ಹೊಂಡಗಳಲ್ಲಿ ಬೇಕಾದಷ್ಟಿದೆ, ಬಣ್ಣ ಮಾತ್ರ ಡಿಕಾಕ್ಷನ್. ಆ ಬಣ್ಣದಿಂದ ಅಪಾಯವಿಲ್ಲ, ಅದು ಕೊಳೆತ ಸಸ್ಯದ್ದು. ಅಪಾಯ ಭೇದಿ ತರುವ ಜಿಯಾರ್ಡಿಯಾ ಎಂಬ ಸೂಕ್ಷ್ಮಜೀವಿಯಿಂದ. ಕುದಿಯತೊಡಗಿದ ಮೇಲೆ ಒಂದು ನಿಮಿಷ ಬಿಡಿ, ಇಲ್ಲವೇ ಫಿಲ್ಟರ್ ಬಳಸಿ. ಒಮ್ಮೆ ಹೆಪ್ಪುಗಟ್ಟಿದ ಫಿಲ್ಟರನ್ನು ನಂಬಬಾರದು.

ಹೆಜ್ಜೆ 6: ಹೇಳಿ ಹೊರಡಿ

ಕಾಗದದ ಮೇಲೆ ಯಾರ್ಯಾರು, ಯಾವ ಕಡೆ, ಎಷ್ಟು ಗಂಟೆಗೆ ವಾಪಸು, ಎಷ್ಟು ಗಂಟೆ ಮೀರಿದರೆ ಹುಡುಕಬೇಕು ಎಂದು ಬರೆದು ಊರಲ್ಲಿ ಉಳಿಯುವ ಒಬ್ಬರ ಕೈಗೆ ಕೊಡಿ. ಈ ಹಳ್ಳಿಗಳ ಮನೆಮನೆಯಲ್ಲೂ ವಿ.ಎಚ್.ಎಫ್. ರೇಡಿಯೋ ಇರುತ್ತದೆ, ಒಂದು ಕೈರೇಡಿಯೋ ಸಿಕ್ಕರೆ ಒಳ್ಳೆಯದು. ಅಲಾಸ್ಕಾದಲ್ಲಿ ಹುಡುಕಾಟದ ಹೊಣೆ ರಾಜ್ಯದ ಟ್ರೂಪರ್‌ಗಳದ್ದು, ಅಂದರೆ ರಾಜ್ಯ ಪೊಲೀಸರದ್ದು. ಆದರೆ ಅವರು ಬೆತೆಲ್‌ನಿಂದ ಹಾರಿ ಬರುವ ಮೊದಲೇ ಫೋರ್‌ವೀಲರ್ (ದಪ್ಪ ಚಕ್ರದ ನಾಲ್ಕುಗಾಲಿ ಬೈಕು) ಏರಿ ಹೊರಡುವವರು ಊರಿನ ಸ್ವಯಂಸೇವಕರು, ಅಂದರೆ ನಿಮ್ಮ ವಿದ್ಯಾರ್ಥಿಗಳ ಅಪ್ಪಂದಿರು, ಮಾವಂದಿರು. ನೀವು ತಡವಾಗಿ ಬಂದರೆ ಅವರ ಪೆಟ್ರೋಲು, ಅವರ ಬೇಟೆಯ ದಿನ ಹಾಳು.

ಹೆಜ್ಜೆ 7: ನೆಲ ಓದುತ್ತಾ ನಡೆಯುವುದು

ಕಲಿಯಬೇಕಾದ ನಿಜವಾದ ವಿದ್ಯೆ ಇದು. ನಿಂತು ಬಣ್ಣ ನೋಡಿ. ಎದ್ದು ಕಾಣುವ ಹಚ್ಚಹಸಿರು ಎಂದರೆ ಜೊಂಡು, ಅಡಿಯಲ್ಲಿ ನೀರು. ಬಿಳಿಚು ಕಲ್ಲುಹೂವು, ಕಂದು-ಕೆಂಪು ಕುಳ್ಳ ಪೊದೆಗಳಿರುವಲ್ಲಿ ನೆಲ ಒಂದಡಿ ಎರಡಡಿ ಎತ್ತರ, ಒಣ. ಆಚೀಚೆ ಹಬ್ಬಿರುವ ಆ ಎತ್ತರದ ಪಟ್ಟಿಗಳನ್ನು ಕಣ್ಣಲ್ಲೇ ಜೋಡಿಸುತ್ತಾ ಹೋಗಿ. ನೇರ ಗೆರೆಯಲ್ಲಿ ಅರ್ಧ ಕಿ.ಮೀ. ಇರುವುದು ಹೀಗೆ ಬಳಸಿದರೆ ಒಂದು ಕಿ.ಮೀ. ಆಗಬಹುದು, ಆದರೂ ಬೇಗ ತಲುಪುತ್ತೀರಿ. ವಿಲೋ ಪೊದೆ ಸಾಲಾಗಿ ಕಂಡರೆ ಅಲ್ಲೊಂದು ಹರಿವಿದೆ ಎಂದು ತಿಳಿಯಿರಿ.

ಹುಲ್ಲುಗುಪ್ಪೆಗಳ ನಡುವೆ ಸಿಕ್ಕಿಬಿದ್ದರೆ ಗುಪ್ಪೆಯಿಂದ ಗುಪ್ಪೆಗೆ ಹಾರುವ ಆಸೆ ಬಿಡಿ. ಗುಪ್ಪೆಯ ತಲೆ ಮೇಲೆ ಕಾಲಿಟ್ಟವರೇ ಬೀಳುವುದು. ಬೂಟು ಇದೆಯಲ್ಲ, ನಡುವಿನ ತಗ್ಗಿಗೇ ಕಾಲಿಡಿ: ಮೊದಲು ಕೋಲಿನಿಂದ ಆಳ ನೋಡಿ, ಪಾದ ಚಪ್ಪಟೆಯಾಗಿ ಊರಿ, ತೂಕ ಹಾಕಿ, ಆಮೇಲೆ ಹಿಂದಿನ ಕಾಲು ಕೀಳಿ. ಹೆಜ್ಜೆ ಸಣ್ಣದಿರಲಿ. ಕಾಲು ಹೂತರೆ ನೇರ ಮೇಲಕ್ಕೆ ಎಳೆಯಬೇಡಿ, ಹಿಮ್ಮಡಿ ಮೊದಲು ಎತ್ತಿ ಬೂಟಿನಡಿಗೆ ಗಾಳಿ ಹೋಗಲು ಬಿಟ್ಟು ನಿಧಾನ ಬಿಡಿಸಿಕೊಳ್ಳಿ. ನೀರು ದಾಟುವಾಗ ಚೀಲದ ಸೊಂಟಪಟ್ಟಿ ಬಿಚ್ಚಿರಲಿ, ಬಿದ್ದರೆ ಕಳಚಿಕೊಳ್ಳಲು. ಸೊಂಟದ ಮೇಲೆ ನೀರಿದೆ ಎನಿಸಿದರೆ ದಾಟುವುದೇ ಬೇಡ.

ಕಾಲುದಾರಿ ಇಲ್ಲದ ಕಡೆ ಒಬ್ಬರ ಹೆಜ್ಜೆಯಲ್ಲೇ ಇನ್ನೊಬ್ಬರು ಹೆಜ್ಜೆ ಇಡದೆ ಅಗಲವಾಗಿ ಹರಡಿ ನಡೆಯಿರಿ. ಇಲ್ಲಿನ ಸಸ್ಯ ತೀರಾ ನಿಧಾನ ಬೆಳೆಯುತ್ತದೆ, ಆರು ಜನರ ಬೂಟು ಒಂದೇ ಗೆರೆಯಲ್ಲಿ ಬಿದ್ದರೆ ಆ ಗಾಯ ವರ್ಷಗಟ್ಟಲೆ ಮಾಯುವುದಿಲ್ಲ. ಪ್ರತಿ ಅರ್ಧ ಗಂಟೆಗೊಮ್ಮೆ ನಿಂತು ಹಿಂದಕ್ಕೆ ತಿರುಗಿ ಊರನ್ನು ನೋಡಿ, ನೀರಿನ ಟ್ಯಾಂಕೋ ಗಾಳಿಯಂತ್ರವೋ ಯಾವ ಕಡೆ ಕಾಣುತ್ತಿದೆ ಎಂದು ಜಿ.ಪಿ.ಎಸ್.ನಲ್ಲಿ ಗುರುತು ಹಾಕಿ. ಮಂಜು ಮುಸುಕಿದರೆ ನಡೆಯುವುದು ನಿಲ್ಲಿಸಿ, ಟಾರ್ಪಾಲು ಹೊದ್ದು ಒಟ್ಟಿಗೆ ಕುಳಿತು ಚಹಾ ಕುಡಿಯಿರಿ.

ಹೆಜ್ಜೆ 8: ಹಣ್ಣು, ಇಲಿ, ನರಿ, ಕರಡಿ

ಯಾರನ್ನೂ ಕಾಡದೆ ಹಣ್ಣು ಕೀಳಬಹುದಾದ ಜಾಗ ಗೊತ್ತಾದ ಮೇಲೆ ಬಕೆಟ್ ಹಿಡಿದು ಹೋಗಿ. ಕಿತ್ತಳೆ ಬಣ್ಣದ ಕ್ಲೌಡ್‌ಬೆರಿಯನ್ನು ಊರಲ್ಲಿ ಸಾಲ್ಮನ್‌ಬೆರಿ ಎನ್ನುತ್ತಾರೆ. ನೀವು ಆಗಸ್ಟಿನಲ್ಲಿ ಬರುವಷ್ಟರಲ್ಲಿ ಅದು ಮುಗಿಯುತ್ತಾ ಬಂದಿರುತ್ತದೆ. ಬ್ಲೂಬೆರಿ, ಕಪ್ಪು ಕ್ರೋಬೆರಿ ಇನ್ನೂ ಇರುತ್ತವೆ. ಕೊಬ್ಬು, ಸಕ್ಕರೆ ನೊರೆಬರುವಂತೆ ಕಡೆದು ಈ ಹಣ್ಣು ಬೆರೆಸಿದರೆ ಅಕುತಾಕ್, ಇಲ್ಲಿನ ಹಬ್ಬದ ಸಿಹಿ. ಸಸ್ಯಾಹಾರಿಗಳು ಕೊಬ್ಬು ಯಾವುದೆಂದು ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು.

ಲ್ಯಾಬ್ರಡಾರ್ ಟೀ ಎಂಬ ಎಲೆಯನ್ನು ಊರಿನವರು ಚಹಾಕ್ಕೆ ಕೀಳುತ್ತಾರೆ. ಅದರ ಜೊತೆಯಲ್ಲೇ ಬೆಳೆಯುವ ಬಾಗ್ ರೋಸ್ಮರಿ ವಿಷ. ಎಲೆ ಮಗುಚಿ ನೋಡಿ: ತುಕ್ಕಿನ ಬಣ್ಣದ ತುಪ್ಪಟ ಇದ್ದರೆ ಮೊದಲನೆಯದು, ನುಣುಪಾಗಿ ಬಿಳಿಚಿಕೊಂಡಿದ್ದರೆ ಎರಡನೆಯದು. ಗೊತ್ತಿದ್ದವರು ಪಕ್ಕದಲ್ಲಿಲ್ಲದಿದ್ದರೆ ಮುಟ್ಟುವುದೇ ಬೇಡ.

ಶರತ್ಕಾಲದಲ್ಲಿ ಊರಿನ ಹೆಂಗಸರು ಕಾಲಡಿಯ ನೆಲ ಎಲ್ಲಿ ಮೆತ್ತಗಿದೆ ಎಂದು ತುಳಿದು ನೋಡುತ್ತಾ ನಡೆಯುವುದು ಕಂಡರೆ ಅವರು ಇಲಿಯ ಕಣಜ ಹುಡುಕುತ್ತಿದ್ದಾರೆ. ಟಂಡ್ರಾದ ಇಲಿಗಳು ಹತ್ತಿಹುಲ್ಲಿನ ಸಿಹಿ ಗೆಡ್ಡೆಗಳನ್ನು ಚಳಿಗಾಲಕ್ಕೆಂದು ಬಿಲದಲ್ಲಿ ಕೂಡಿಡುತ್ತವೆ. ಪಾಚಿಯ ಹೊದಿಕೆ ಎತ್ತಿ, ಅರ್ಧದಷ್ಟೇ ತೆಗೆದುಕೊಂಡು, ಬದಲಿಗೆ ಒಣಮೀನಿನ ಚೂರು ಇಟ್ಟು ಮತ್ತೆ ಮುಚ್ಚುವುದು ಅವರ ಪದ್ಧತಿ. ಕರೆದರೆ ಹೋಗಿ ನೋಡಿ, ನೀವಾಗಿ ಕೆದಕಬೇಡಿ.

ಕರಡಿ, ಮೂಸ್ ಹೆಚ್ಚಾಗಿ ನದಿದಂಡೆಯ ಪೊದೆಗಳ ಕಡೆ. ಮಾತಾಡುತ್ತಾ ನಡೆದರೆ ಅವೇ ದೂರ ಸರಿಯುತ್ತವೆ, ಶಿಕ್ಷಕರಿಗೆ ಮಾತು ಕಲಿಸಬೇಕಿಲ್ಲ. ನೆಲ್ಸನ್ ದ್ವೀಪದಲ್ಲಿ ಕೆಲಸ ಸಿಕ್ಕವರು ಅದೃಷ್ಟವಂತರು: ಅಲ್ಲಿ ಗುಡ್ಡಗಳಿವೆ, ಒಣ ನೆಲವಿದೆ, 1960ರ ದಶಕದ ಕೊನೆಯಲ್ಲಿ ನುನಿವಾಕ್ ದ್ವೀಪದಿಂದ ತಂದು ಬಿಟ್ಟ ಮಸ್ಕಾಕ್ಸ್‌ಗಳ (ಉದ್ದ ಕೂದಲಿನ, ದನದಂಥ ಕಾಡುಪ್ರಾಣಿ) ಸಂತತಿ ಇದೆ. ಅವು ಓಡದೆ ವೃತ್ತ ಕಟ್ಟಿ ನಿಲ್ಲುತ್ತವೆ ಎಂಬುದು ಹತ್ತಿರ ಹೋಗಲು ಕೊಟ್ಟ ಅನುಮತಿಯಲ್ಲ. ನನ್ನ ಪ್ರಕಾರ ಇವೆಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ನರಿಯ ಬಗ್ಗೆ. ಈ ಕರಾವಳಿಯ ನರಿಗಳಲ್ಲಿ ರೇಬಿಸ್ ಇದ್ದೇ ಇದೆ. ಹೆದರದೆ ಹತ್ತಿರ ಬರುವ ಮುದ್ದಾದ ನರಿಯ ಫೋಟೊ ತೆಗೆಯಲು ಬಗ್ಗಬೇಡಿ. ಕಚ್ಚಿದರೆ ತಕ್ಷಣ ಸೋಪು ನೀರಿನಲ್ಲಿ ಚೆನ್ನಾಗಿ ತೊಳೆದು ಕ್ಲಿನಿಕ್‌ಗೆ.

ಹೆಜ್ಜೆ 9: ಮೈ ತಣ್ಣಗಾಗುವುದನ್ನು ಗುರುತಿಸಿ

ಮಂಜುಗಡ್ಡೆ ಬೇಕಿಲ್ಲ. ಏಳೆಂಟು ಡಿಗ್ರಿ, ಜಿಟಿಜಿಟಿ ಮಳೆ, ಗಾಳಿ, ನೆಂದ ಬಟ್ಟೆ, ಇಷ್ಟಿದ್ದರೆ ಹೈಪೋಥರ್ಮಿಯಾ ಆಗುತ್ತದೆ. ಆದವರಿಗೆ ಅದು ಗೊತ್ತಾಗುವುದಿಲ್ಲ, ಪಕ್ಕದವರಿಗೆ ಗೊತ್ತಾಗಬೇಕು. ಹರಟುತ್ತಿದ್ದವರು ಮೌನವಾಗುತ್ತಾರೆ, ಸಿಡುಕುತ್ತಾರೆ, ಜಿಪ್ ಎಳೆಯಲು ಬೆರಳು ಕೇಳುವುದಿಲ್ಲ, ಸಪಾಟು ನೆಲದಲ್ಲೂ ಎಡವುತ್ತಾರೆ, ಮಾತು ತೊದಲುತ್ತದೆ. ನಡುಕ ಇದ್ದಕ್ಕಿದ್ದಂತೆ ನಿಂತರೆ ಸುಧಾರಿಸಿದೆ ಎಂದಲ್ಲ, ಕೆಟ್ಟಿದೆ ಎಂದರ್ಥ. ಆಗ ಗಾಳಿಗೆ ಮರೆ ಮಾಡಿ, ಒದ್ದೆ ಬಟ್ಟೆ ತೆಗೆದು ಒಣದು ಹಾಕಿ, ಕೆಳಗೆ ಚೀಲ ಹಾಸಿ ಕೂರಿಸಿ, ಎಚ್ಚರವಿದ್ದು ನುಂಗಬಲ್ಲವರಾದರೆ ಸಕ್ಕರೆ ಹಾಕಿದ ಬಿಸಿ ಚಹಾ ಕೊಡಿ. ಕೈಕಾಲು ಉಜ್ಜಬೇಡಿ. ತೊದಲುತ್ತಿದ್ದರೆ ಕಾಯದೆ ಉಪಗ್ರಹ ಸಾಧನದ ತುರ್ತು ಗುಂಡಿ ಒತ್ತಿ. ಮರ್ಯಾದೆಯ ಲೆಕ್ಕ ಆಮೇಲೆ.

ಹೆಜ್ಜೆ 10: ಬಂದ ಮೇಲೆ

ಚೀಟಿ ಕೊಟ್ಟವರಿಗೆ ಮೊದಲು "ಬಂದೆವು" ಎಂದು ಹೇಳಿ, ಬೂಟು ಕಳಚುವುದು ಆಮೇಲೆ. ಬೂಟನ್ನು ಹೀಟರ್ ಮೇಲಿಟ್ಟರೆ ರಬ್ಬರ್ ಬಿರಿಯುತ್ತದೆ. ಒಳಗೆ ಪೇಪರ್ ತುರುಕಿ ಬಾಗಿಲ ಬಳಿ ನಿಲ್ಲಿಸಿ. ಹಣ್ಣಿನಲ್ಲಿ ಒಂದು ಡಬ್ಬಿಯನ್ನು ದಾರಿ ಹೇಳಿದವರ ಮನೆಗೆ ಅದೇ ಸಂಜೆ ತಲುಪಿಸಿ, "ಕುಯಾನಾ" ಎಂದು ಧನ್ಯವಾದ ಹೇಳಿ ಬನ್ನಿ. ಮನೆಯಲ್ಲಿ ಅಜ್ಜ ಅಜ್ಜಿ ಇದ್ದರೆ ಎಲ್ಲಿ ಹೋಗಿದ್ದಿರಿ ಎಂದು ಕೇಳುತ್ತಾರೆ. ಹೇಳಿ, ಅವರು ಬೇರೆ ದಾರಿ ಸೂಚಿಸಿದರೆ ಬರೆದುಕೊಳ್ಳಿ.

ಕೊನೆಗೆ ಸ್ಟಾಫ್‌ರೂಮಿನ ನಕ್ಷೆಯ ಪಕ್ಕ ಒಂದು ಹಾಳೆ ಅಂಟಿಸಿ: ಊರಿನಿಂದ ಮೊದಲ ಕೆರೆಗೆ ಎಷ್ಟು ಹೊತ್ತು, ಕೆರೆಯಿಂದ ದಿಬ್ಬಕ್ಕೆ ಎಷ್ಟು, ಮಳೆ ಬಿದ್ದ ವಾರ ಎಷ್ಟು, ಎಲ್ಲಿ ದಾಟಲಾಗಲಿಲ್ಲ. ಇಂಥ ಶಾಲೆಗಳಲ್ಲಿ ಶಿಕ್ಷಕರು ವರ್ಷವರ್ಷ ಬದಲಾಗುತ್ತಾರೆ. ಮುಂದಿನ ಆಗಸ್ಟಿನಲ್ಲಿ ಬರುವವರೂ ಕಿಟಕಿಯಾಚೆ ಕೈ ತೋರಿಸುವ ಮೊದಲು ಆ ಹಾಳೆ ನೋಡಲಿ.